ಇಬ್ಬರು ಸೇರಿದರೆ ಸಭೆ

ಊರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ದೇವಸ್ಥಾನದಿಂದ ಹೊರಟು ಕಾರ್ಖಾನೆಗೆ ಬಂದು ನಿಲ್ಲುತ್ತಾರೆ. ಭದ್ರಾವತಿಯ ಮಟ್ಟಿಗೆ ಇದು ಸುಲಭವಾದ ದಾರಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಇಲ್ಲಿದೆ. ಬೆಂಕಿಪುರವೆಂಬ ಹಳೆಯ ಹೆಸರಿದೆ. 1918ರಲ್ಲಿ ಪ್ರಾರಂಭವಾಗಿ 1923ರ ಜನವರಿಯಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆಯಿದೆ. 1923ರಿಂದ 1929ರವರೆಗೆ ಅದರ ಆಡಳಿತ ಮಂಡಲಿಗೆ ವಿಶ್ವೇಶ್ವರಯ್ಯನವರೇ ಅಧ್ಯಕ್ಷರಾಗಿದ್ದರೆಂಬ ಹೆಮ್ಮೆಯಿದೆ. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಕಥೆಯೂ ಇದೆ. ಇಷ್ಟನ್ನು ಬರೆದರೆ ಒಂದು ಪುಸ್ತಕವಾದೀತು. ಆದರೆ ಸಂಬಳದ ದಿನದ ಸಂಜೆಗೆ ಚರಿತ್ರಕಾರರಿಲ್ಲ. ಕಾರ್ಖಾನೆಯ ಗೇಟಿನಿಂದ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಎಷ್ಟು ಸಂಬಳ ಕರಗಿತು, ಎಷ್ಟು ಮನೆಗಳಲ್ಲಿ ಆ ರಾತ್ರಿ ಮಕ್ಕಳು ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡು ಮಲಗಿದ್ದರು ಎಂಬುದನ್ನು ಯಾರೂ ಬರೆದಿಡಲಿಲ್ಲ.

ಮದ್ಯಸಾರಕ್ಕೂ ಈ ಊರಿಗೂ ಇನ್ನೊಂದು ವಿಚಿತ್ರವಾದ ನಂಟಿದೆ. ಮೊದಲ ಕಾಲದಲ್ಲಿ ಇಲ್ಲಿ ಕಬ್ಬಿಣವನ್ನು ಇದ್ದಿಲಿನಿಂದ ಕರಗಿಸುತ್ತಿದ್ದರು. ಮಲೆನಾಡಿನ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಹೊರಡುತ್ತಿದ್ದ ಆವಿಯನ್ನು ತಣಿಸಿ, ಡಾಂಬರು, ಅಸಿಟೇಟುಗಳ ಜೊತೆಗೆ ಮೀಥೈಲ್ ಆಲ್ಕೋಹಾಲನ್ನೂ ತೆಗೆಯುತ್ತಿದ್ದರು. ಇದು ಮರದ ಸಾರ. ಹೊಟ್ಟೆಗೆ ಹೋದರೆ ಮೊದಲು ಕಣ್ಣು, ಆಮೇಲೆ ಪ್ರಾಣ ತೆಗೆಯುವ ವಿಷ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿಯೊಡನೆ ಬೆರೆತು ಮುನ್ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದು ಇದೇ ಜಾತಿಯ ಸಾರ. ಕಾರ್ಖಾನೆಯಲ್ಲಿ ಅಳತೆ, ಎಚ್ಚರಿಕೆ, ಬೀಗ ಎಲ್ಲವೂ ಇರುತ್ತವೆ. ಹೊರಗೆ ಮನುಷ್ಯನ ಕೈಗೆ ಸಿಕ್ಕಿದ ಮೇಲೆ ಅದಕ್ಕೆ ಬೀಗ ಹಾಕುವುದು ಹೇಗೆ? ನಮ್ಮ ನಾಡು ನೂರು ವರ್ಷಗಳಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಇದೆ.

ಮೊದಲ ಉತ್ತರ ಬೋಧನೆ. 1927ರಲ್ಲಿ ಮೈಸೂರು ಸಂಸ್ಥಾನದ ಪ್ರವಾಸದಲ್ಲಿದ್ದ ಗಾಂಧೀಜಿ ಶಿವಮೊಗ್ಗೆಗೂ ಭದ್ರಾವತಿಗೂ ಬಂದಿದ್ದರು. ಅವರ ಕಾರ್ಯಕ್ರಮದಲ್ಲಿ ಖಾದಿ, ಅಸ್ಪೃಶ್ಯತಾ ನಿವಾರಣೆಗಳ ಜೊತೆಯಲ್ಲೇ ಪಾನನಿರೋಧಕ್ಕೂ ಸ್ಥಾನವಿತ್ತು. ಎರಡನೆಯ ಉತ್ತರ ಕೊಡಲಿ. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ನೇತೃತ್ವದಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು. ಅವರು ಸೆರೆಮನೆಗೂ ಹೋದರು. ಹೆಂಡದ ಮರವನ್ನೇ ಉರುಳಿಸಿದರೆ ಹೆಂಡವೆಲ್ಲಿಂದ ಬರಬೇಕು ಎಂಬುದು ಆ ಕಾಲದ ತರ್ಕ. ಮೂರನೆಯದು ಕಾನೂನು. ಸ್ವಾತಂತ್ರ್ಯ ಬಂದ ಮೇಲೆ ಮೈಸೂರಿನಲ್ಲಿ ಪಾನನಿರೋಧ ಹಂತಹಂತವಾಗಿ ಜಾರಿಗೆ ಬಂತು. ಸಂವಿಧಾನದ 47ನೆಯ ವಿಧಿಯೂ ಅದಕ್ಕೆ ಬೆಂಬಲವಾಗಿ ನಿಂತಿತು. ಆದರೆ 1967ರಲ್ಲಿ ರಾಜ್ಯ ಆ ನೀತಿಯನ್ನು ಕೈಬಿಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಈಚಲು ಮರ ಕಡಿದು ಜೈಲಿಗೆ ಹೋಗಿದ್ದ ನಿಜಲಿಂಗಪ್ಪನವರೇ. ಇದನ್ನು ಯಾರನ್ನೂ ಹಂಗಿಸಲು ಹೇಳುತ್ತಿಲ್ಲ. ಕಳ್ಳಬಟ್ಟಿ, ಖಾಲಿ ಬೊಕ್ಕಸ ಇವೆರಡರ ನಡುವೆ ಪ್ರಾಮಾಣಿಕನೂ ಹೇಗೆ ಸಿಕ್ಕಿಕೊಳ್ಳುತ್ತಾನೆಂಬುದಕ್ಕೆ ಇದೊಂದು ಸಾಕ್ಷಿ.

ಅಲ್ಲಿಂದ ಮುಂದೆ ಅಂಗಡಿ ತೆರೆಯುವುದೂ ಮುಚ್ಚುವುದೂ ಸರ್ಕಾರದ ಲೆಕ್ಕಾಚಾರವಾಯಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು; ಸಾರಾಯಿ ಪಾಕೀಟು ಹೋಗಿ ಅಗ್ಗದ ವಿಸ್ಕಿಯ ಪಾಕೀಟು ಬಂತು. 2023ರ ಜುಲೈಯ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕೆಂದು ಇಟ್ಟ ಗುರಿ 36,000 ಕೋಟಿ ರೂಪಾಯಿ. ಬೋಧನೆ, ಕೊಡಲಿ, ಕಾನೂನು, ಬಜೆಟ್ಟು ಈ ನಾಲ್ಕರಲ್ಲಿಯೂ ಒಂದು ಸಾಮಾನ್ಯವಾದ ಗುಣವಿದೆ. ಎಲ್ಲವೂ ಕುಡಿತದ ವಿಷಯ ಮಾತನಾಡುತ್ತವೆ. ಕುಡಿಯುವವನು ಮಾತನಾಡಲು ಎಲ್ಲಿಯೂ ಜಾಗವಿಲ್ಲ.

ಈ ವಿಷಯವನ್ನು ನಾನು ಯೋಚಿಸಲು ಕಾರಣವಾದವರು ನಮ್ಮ ಬೀದಿಯ ಒಬ್ಬ ಗೃಹಿಣಿ. ಅವರ ಯಜಮಾನರು ದುಡಿಯುತ್ತಿದ್ದ ಕಡೆ ಕೆಲಸ ನಿಂತು ವರ್ಷಗಳಾಗಿದ್ದವು. ಒಂದು ದಿನ ಗೇಟಿನ ಹತ್ತಿರ ನಿಂತು, “ಮೇಷ್ಟ್ರೇ, ಕುಡಿಯೋರೇ ಕೂತ್ಕೊಂಡು ಕುಡಿತ ಬಿಡೋ ಮೀಟಿಂಗ್ ಅಂತ ಇರುತ್ತಂತೆ. ನಮ್ಮೂರಲ್ಲಿ ಎಲ್ಲಿ ನಡೆಯುತ್ತೆ ಅಂತ ಸ್ವಲ್ಪ ವಿಚಾರಿಸಿ ಹೇಳ್ತೀರಾ?” ಎಂದು ಕೇಳಿದರು. ತರಗತಿಯಲ್ಲಿ ಎಂಥೆಂಥ ಪ್ರಶ್ನೆಗಳಿಗೋ ಉತ್ತರ ಹೇಳುವ ನನಗೆ ಇದಕ್ಕೆ ಉತ್ತರ ತಿಳಿದಿರಲಿಲ್ಲ. ಸಹೋದ್ಯೋಗಿಗಳನ್ನು ಕೇಳಿದೆ, ಔಷಧದ ಅಂಗಡಿಯಲ್ಲಿ ಕೇಳಿದೆ, ಊರಿನ ಸಂಘಸಂಸ್ಥೆಗಳಲ್ಲಿ ಓಡಾಡುವ ಹಿರಿಯರನ್ನು ಕೇಳಿದೆ. ಬ್ರಾಂಡಿ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಈ ಸಭೆ ಎಲ್ಲಿ ಸೇರುತ್ತದೆಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಹೇಳಿದವನು ಒಬ್ಬ ಆಟೋ ಚಾಲಕ. ಅವನಿಗೆ ಹೇಗೆ ತಿಳಿದಿತ್ತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇಂಥ ಸಭೆ ಯಾಕೆ ಇಷ್ಟು ಸುಲಭವಾಗಿ ಸಿಗುವುದಿಲ್ಲ? ಉತ್ತರ ಅದರ ಚರಿತ್ರೆಯಲ್ಲಿದೆ. ಆ ಚರಿತ್ರೆ ಹುಟ್ಟಿದ್ದೂ ಭದ್ರಾವತಿಯಂಥದೇ ಒಂದು ಕಾರ್ಖಾನೆಯ ಊರಿನಲ್ಲಿ.

ಅಮೆರಿಕದ ಓಹಾಯೋ ಪ್ರಾಂತದ ಆಕ್ರನ್ ನಗರ ರಬ್ಬರಿನ ಊರು. ನಮ್ಮಲ್ಲಿ ಕಬ್ಬಿಣ ಹೇಗೋ ಅಲ್ಲಿ ಮೋಟಾರಿನ ಟೈರು ಹಾಗೆ. 1935ರ ಮೇ ತಿಂಗಳು. ದೊಡ್ಡ ಆರ್ಥಿಕ ಕುಸಿತದ ಕಾಲ. ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯಾಪಾರಿ ಒಂದು ವ್ಯವಹಾರಕ್ಕಾಗಿ ಅಲ್ಲಿಗೆ ಬಂದಿದ್ದ. ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡು, ಆಸ್ಪತ್ರೆ ಸೇರಿ ಹೊರಬಂದು, ಕುಡಿಯುವುದನ್ನು ಬಿಟ್ಟು ಐದು ತಿಂಗಳಾಗಿತ್ತು ಅಷ್ಟೆ. ವ್ಯವಹಾರ ಮುರಿದುಬಿತ್ತು. ಜೊತೆಯವರು ಊರಿಗೆ ಮರಳಿದರು. ಮೇಫ್ಲವರ್ ಹೋಟೆಲಿನ ಹಜಾರದಲ್ಲಿ ಆತ ಒಬ್ಬನೇ ಉಳಿದ. ಹಜಾರದ ಒಂದು ತುದಿಯಲ್ಲಿ ಬಾರು. ಒಳಗಿಂದ ನಗು, ಗದ್ದಲ. ಇನ್ನೊಂದು ತುದಿಯಲ್ಲಿ ಟೆಲಿಫೋನು, ಅದರ ಹತ್ತಿರ ಊರಿನ ಚರ್ಚುಗಳ ಪಟ್ಟಿ. ಆತ ಟೆಲಿಫೋನಿನ ಕಡೆ ನಡೆದ.

ಆತ ಪಾದ್ರಿಯವರಿಂದ ತನಗೆ ಉಪದೇಶ ಮಾಡುವವರನ್ನು ಕೇಳಲಿಲ್ಲ, ವೈದ್ಯನನ್ನೂ ಕೇಳಲಿಲ್ಲ. ತನ್ನಂತೆಯೇ ಕುಡಿತದಿಂದ ಕಷ್ಟಪಡುತ್ತಿರುವ ಇನ್ನೊಬ್ಬನನ್ನು ತೋರಿಸಿ ಎಂದು ಕೇಳಿದ. ಆ ಐದು ತಿಂಗಳಲ್ಲಿ ಆತ ನ್ಯೂಯಾರ್ಕಿನಲ್ಲಿ ಅನೇಕ ಕುಡುಕರ ಬೆನ್ನುಹತ್ತಿ ಬುದ್ಧಿ ಹೇಳಿದ್ದ. ಅವರಲ್ಲಿ ಒಬ್ಬನೂ ಬಿಟ್ಟಿರಲಿಲ್ಲ. ಆದರೆ ಹೇಳುತ್ತಿದ್ದಷ್ಟು ಕಾಲ ಹೇಳಿದವನು ಕುಡಿದಿರಲಿಲ್ಲ! ಆ ಗುಟ್ಟು ಆತನಿಗೆ ಹೊಳೆದದ್ದು ಆ ಹಜಾರದಲ್ಲಿ. ಒಂದರ ಮೇಲೊಂದು ಕರೆ ಮಾಡಿ, ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯ ಮೂಲಕ ಆತ ಕೊನೆಗೆ ಭೇಟಿಯಾದದ್ದು ಆ ಊರಿನ ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್‌ರನ್ನು. ವೈದ್ಯರು ಹದಿನೈದು ನಿಮಿಷವೆಂದು ಹೇಳಿ ಬಂದವರು, ಕೆಲವು ಗಂಟೆಗಳ ಕಾಲ ಕುಳಿತುಬಿಟ್ಟರು. ಎದುರಿಗಿದ್ದವನು ಉಪದೇಶ ಮಾಡದೆ ತನ್ನ ಕಥೆಯನ್ನು ಹೇಳಿಕೊಂಡದ್ದೇ ಇದಕ್ಕೆ ಕಾರಣ. ಡಾ. ಸ್ಮಿತ್ ಕೊನೆಯ ಬಾರಿ ಕುಡಿದದ್ದೆಂದು ಹೇಳುವ 1935ರ ಜೂನ್ 10ನ್ನು ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಕೆಲವೇ ದಿನಗಳಲ್ಲಿ ಇಬ್ಬರೂ ಆಸ್ಪತ್ರೆಗೆ ಹೋಗಿ, ಹಾಸಿಗೆಯಲ್ಲಿದ್ದ ಒಬ್ಬ ವಕೀಲನ ಪಕ್ಕ ಕುಳಿತರು. ಆತ ಮೂರನೆಯವನು.

ಅನಾನಿಮಸ್ ಎಂದರೆ ಅನಾಮಧೇಯ. ಈ ಹೆಸರನ್ನು ನಾಚಿಕೆ ಮುಚ್ಚಿಕೊಳ್ಳುವ ಉಪಾಯವೆಂದು ಭಾವಿಸುವವರು ಬಹಳ. ಒಂದು ಅರ್ಥದಲ್ಲಿ ಅದು ನಿಜವೇ. ಹೆಸರು ಹೊರಬಿದ್ದರೆ ಕೆಲಸ ಹೋಗುವ ಭಯವಿದ್ದ ಕಾಲವದು. ಆದರೆ ಇದರ ಒಳಗೆ ಇನ್ನೊಂದು ಪಾಠವಿದೆ. ಅದನ್ನು ತಿಳಿಯಲು ಇನ್ನೂ ನೂರು ವರ್ಷ ಹಿಂದಕ್ಕೆ ಹೋಗಬೇಕು. 1840ರಲ್ಲಿ ಬಾಲ್ಟಿಮೋರಿನ ಒಂದು ಹೆಂಡದಂಗಡಿಯಲ್ಲಿ ಆರು ಜನ ಗೆಳೆಯರು ಇನ್ನು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿ, ವಾಷಿಂಗ್ಟನ್ನನ ಹೆಸರಿನಲ್ಲಿ ಒಂದು ಸಂಘ ಕಟ್ಟಿದರು. ಅಲ್ಲಿಯೂ ಕುಡುಕರೇ ತಮ್ಮ ಕಥೆ ಹೇಳಿಕೊಳ್ಳುತ್ತಿದ್ದರು. ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಜನ ಸೇರಿದರು. 1842ರಲ್ಲಿ ಅವರ ಒಂದು ಸಭೆಯಲ್ಲಿ ಲಿಂಕನ್ ಭಾಷಣ ಮಾಡಿದ. ಮೆರವಣಿಗೆ, ಬಾವುಟ, ಹೆಸರಾದ ಭಾಷಣಕಾರರು, ಯಾವುದಕ್ಕೂ ಕಡಮೆಯಿರಲಿಲ್ಲ. ಆದರೆ ಹೆಸರಾದ ಭಾಷಣಕಾರನೊಬ್ಬ 1845ರಲ್ಲಿ ಮತ್ತೆ ಕುಡಿದು ಸಿಕ್ಕಿಬಿದ್ದಾಗ ಪತ್ರಿಕೆಗಳಿಗೆ ಹಬ್ಬವಾಯಿತು. ಸಂಘ ಪಾನನಿರೋಧದ ಕಾನೂನು, ರಾಜಕೀಯ ಮುಂತಾದ ಜಗಳಗಳಿಗೆ ಸಿಕ್ಕಿ ಹರಿದುಹೋಯಿತು. ಹತ್ತು ವರ್ಷ ತುಂಬುವುದರೊಳಗೆ ಹೆಚ್ಚುಕಡಮೆ ಹೆಸರಿಲ್ಲದಾಯಿತು.

ವಿಲ್ಸನ್ನನ ಕೂಟ ಇದನ್ನು ತಿಳಿದ ಮೇಲೆ ಎಚ್ಚರವಾಯಿತು. 1950ರಲ್ಲಿ ಕ್ಲೀವ್‌ಲೆಂಡಿನ ಸಮ್ಮೇಳನದಲ್ಲಿ ಒಪ್ಪಿದ ಹನ್ನೆರಡು ಸಂಪ್ರದಾಯಗಳಲ್ಲಿ ಈ ಎಚ್ಚರವೇ ತುಂಬಿದೆ. ಹೊರಗಿನ ಯಾವ ವಿವಾದದಲ್ಲಿಯೂ ಸಂಸ್ಥೆಗೆ ಅಭಿಪ್ರಾಯವಿಲ್ಲ, ಪಾನನಿರೋಧ ಬೇಕೆ ಬೇಡವೆ ಎಂಬುದರಲ್ಲಿಯೂ ಇಲ್ಲ. ಹೊರಗಿನವರಿಂದ ಹಣ ತೆಗೆದುಕೊಳ್ಳುವುದಿಲ್ಲ. ಪತ್ರಿಕೆಗಳ ಮುಂದೆ ಯಾರೂ ತಮ್ಮ ಹೆಸರು ಮೆರೆಯುವುದಿಲ್ಲ. ಸೇರಲು ಬೇಕಾದ ಯೋಗ್ಯತೆ ಒಂದೇ: ಕುಡಿತ ಬಿಡಬೇಕೆಂಬ ಆಸೆ. ನಾಯಕನಿಲ್ಲದ ಕಡೆ ನಾಯಕ ಬೀಳುವ ಭಯವೂ ಇಲ್ಲ. ಬಾಲ್ಟಿಮೋರಿನ ಸಂಘ ಹತ್ತು ವರ್ಷ ಬಾಳಲಿಲ್ಲ. ಆಕ್ರನ್ನಿನ ಕೂಟಕ್ಕೆ ತೊಂಬತ್ತು ದಾಟಿದೆ. ನಮ್ಮ ಆಟೋ ಚಾಲಕ ತನ್ನ ವಿಷಯ ಹೇಳದೆ ವಿಳಾಸ ಮಾತ್ರ ಹೇಳಿದ್ದರ ಹಿಂದೆಯೂ ಇದೇ ಬುದ್ಧಿವಂತಿಕೆ ಇದ್ದೀತು. ಸಭೆ ಸುಲಭವಾಗಿ ಸಿಗದಿರುವುದು ಅದು ಉಳಿದುಕೊಂಡಿರುವುದಕ್ಕೆ ತೆತ್ತ ಬೆಲೆ.

ಈ ಕೂಟ ಭಾರತಕ್ಕೆ ಕಾಲಿಟ್ಟು ಮುಂಬಯಿಯಲ್ಲಿ ಸಭೆ ಸೇರತೊಡಗಿದ್ದು 1957ರಲ್ಲಿ. ಅಮೆರಿಕದಲ್ಲಿ ಕುಡುಕರ ಹೆಂಡಂದಿರೂ ಮನೆಯವರೂ ತಮಗಾಗಿಯೇ 1951ರಲ್ಲಿ ‘ಅಲ್-ಅನಾನ್’ ಎಂಬ ಬೇರೆ ಕೂಟ ಕಟ್ಟಿಕೊಂಡರು; ವಿಲ್ಸನ್ನನ ಹೆಂಡತಿ ಲೋಯಿಸ್ ಅದರಲ್ಲಿ ಮುಂದಾಳಾದಳು. ಇದು ಮುಖ್ಯವಾದ ಮಾತು. ನಮ್ಮಲ್ಲಿಯೂ ಸಭೆಯನ್ನು ಹುಡುಕುತ್ತ ಮೊದಲು ಹೊರಡುವವರು ಕುಡಿಯುವವರಲ್ಲ, ಅವರ ಹೆಂಡತಿ ಅಥವಾ ತಾಯಿ.

ಕನ್ನಡನಾಡು ಇದನ್ನು ತನ್ನ ರೀತಿಯಲ್ಲಿಯೂ ಮಾಡಿ ನೋಡಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಗಳು ಊರೂರಿನಲ್ಲಿ ಸಮುದಾಯ ಭವನಗಳಲ್ಲೋ ದೇವಸ್ಥಾನದ ಸಭಾಂಗಣಗಳಲ್ಲೋ ವಾರದಷ್ಟು ಕಾಲ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿವೆ; ಈ ಶಿಬಿರಗಳ ಸಂಖ್ಯೆ ಸಾವಿರ ದಾಟಿದೆ. ಊರಿನವರೇ ಅಡಿಗೆ ಮಾಡಿ ಬಡಿಸುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ‘ನವಜೀವನ ಸಮಿತಿ’ ಎಂಬ ಹೆಸರಿನಲ್ಲಿ ಆಗಾಗ ಸೇರುತ್ತಾರೆ. ಆಕ್ರನ್ನಿನ ಕೂಟ ಹೆಸರನ್ನು ಮರೆಸಿದರೆ, ಇಲ್ಲಿ ಊರೆಲ್ಲ ಸೇರಿ ಹೆಸರು ಹಿಡಿದು ಕರೆಯುತ್ತದೆ. ಎರಡೂ ದಾರಿಗಳಲ್ಲಿ ಸಮಾನವಾಗಿರುವುದು ಆಮೇಲಿನ ಕೂಟವೇ. ಬಿಡುವುದು ಒಂದು ದಿನದ ಕೆಲಸ, ಬಿಟ್ಟಿರುವುದು ದಿನದಿನದ ಕೆಲಸ. ಅದನ್ನು ಒಬ್ಬನೇ ಮಾಡುವುದು ಕಷ್ಟ.

ಇಲ್ಲಿ ವೈದ್ಯರ ಮಾತನ್ನೂ ಮರೆಯಬಾರದು. ಬಹಳ ಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಸೆಳವು, ಭ್ರಾಂತಿ ಬಂದು ಪ್ರಾಣಕ್ಕೂ ಅಪಾಯವಾದೀತು. ಆದ್ದರಿಂದ ಮೊದಲ ಕೆಲವು ದಿನಗಳು ವೈದ್ಯರ ಕಣ್ಣೆದುರಿನಲ್ಲಿ ಕಳೆಯಬೇಕು. ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆ ಭದ್ರಾವತಿಗೆ ದೂರವೇನಲ್ಲ. ಅದೇ ಶಿವಮೊಗ್ಗೆಯಲ್ಲಿ ಮಾನಸ ಆಸ್ಪತ್ರೆಯನ್ನು ಕಟ್ಟಿ, ಕನ್ನಡದಲ್ಲಿಯೇ ಬರೆದು ಮನಸ್ಸಿನ ಕಾಯಿಲೆಯ ಬಗೆಗಿನ ಸಂಕೋಚವನ್ನು ಕಡಮೆ ಮಾಡಿದವರು ಡಾ. ಅಶೋಕ ಪೈ, 2016ರಲ್ಲಿ ತೀರಿಕೊಂಡರು. ಅಮೆರಿಕದ ವೈದ್ಯರ ಸಂಘ ಕುಡಿತದ ಚಟವನ್ನು ಕಾಯಿಲೆಯೆಂದು ಒಪ್ಪಿದ್ದು 1956ರಲ್ಲಿ. ನಮ್ಮ ದೇಶದಲ್ಲಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ದಾಸರಾದ 38 ಮಂದಿಯಲ್ಲಿ ಯಾವುದಾದರೊಂದು ಚಿಕಿತ್ಸೆ ಪಡೆದವನು ಒಬ್ಬ. ಉಳಿದ 37 ಮಂದಿ ಎಲ್ಲಿ ಹೋದರು? ಎಲ್ಲಿಯೂ ಹೋಗಲಿಲ್ಲ, ಮನೆಯಲ್ಲೇ ಇದ್ದಾರೆ.

ಕನ್ನಡದ ಮೇಷ್ಟ್ರಾದ ನಾನು ನಮ್ಮ ಸಾಹಿತ್ಯದ ಕಡೆಯೂ ಒಮ್ಮೆ ತಿರುಗಿ ನೋಡಬೇಕು. ನಮ್ಮ ಅತ್ಯಂತ ಪ್ರಸಿದ್ಧ ಕುಡುಕ ಜಿ. ಪಿ. ರಾಜರತ್ನಂ ಅವರು ಸೃಷ್ಟಿಸಿದ ಯೆಂಡ್ಕುಡ್ಕ ರತ್ನ. ಅವನನ್ನು ನಾವು ಪ್ರೀತಿಸುತ್ತೇವೆ, ಅವನ ಮಾತಿಗೆ ತಲೆದೂಗುತ್ತೇವೆ. ಪದ್ಯ ಮುಗಿದ ಮೇಲೆ ಬೀದಿಯಲ್ಲಿ ಬಿದ್ದಿರುವ ರತ್ನನನ್ನು ಮಾತ್ರ ದಾಟಿಕೊಂಡು ಹೋಗುತ್ತೇವೆ. ಇದಕ್ಕಿಂತ ಎಂಟುನೂರು ವರ್ಷಗಳ ಹಿಂದೆ ಶರಣರ ಕೂಟದಲ್ಲಿ ಹೆಂಡದ ಮಾರಯ್ಯನೆಂಬ ಒಬ್ಬ ವಚನಕಾರನಿದ್ದ. ಹೆಂಡ ಮಾರುವುದು ಅವನ ಕಾಯಕ. ಆ ಕಸುಬಿನ ಮಾತುಗಳಲ್ಲಿಯೇ ಅವನು ಅನುಭಾವವನ್ನು ಹೇಳಿದ. ಅವನು ಕೂಟದ ಹೊರಗೆ ನಿಲ್ಲಬೇಕಾಗಲಿಲ್ಲ. ಅನುಭವಮಂಟಪ ಕಟ್ಟಡವಾಗಿತ್ತೇ ಅಥವಾ ಬರಿಯ ಕೂಟವಾಗಿತ್ತೇ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಕೂಟಕ್ಕೆ ಕಟ್ಟಡ ಬೇಕಾಗಿಲ್ಲ ಎಂಬುದಂತೂ ಸ್ಪಷ್ಟ. ನಮ್ಮ ಜಿಲ್ಲೆಯ ಬಳ್ಳಿಗಾವೆಯಿಂದ ಹೊರಟ ಅಲ್ಲಮನಿಗೂ, ಹೆಂಡ ಮಾರುವ ಮಾರಯ್ಯನಿಗೂ ಒಂದೇ ಚಾಪೆ ಸಾಕಾಯಿತು. ಸ್ವಂತ ಅನುಭವವನ್ನು ಹತ್ತು ಜನರೆದುರು ಹೇಳಿ ಹಗುರಾಗುವ ಪದ್ಧತಿ ನಮಗೆ ಪರದೇಶದ್ದೇನೂ ಅಲ್ಲ.

ನಾನು ಒಮ್ಮೆ ಆ ಸಭೆಗೆ ಹೋಗಿದ್ದೆ. ಹೊರಗಿನವರೂ ಬರಬಹುದಾದ ‘ತೆರೆದ ಸಭೆ’ಗಳೆಂದು ಕೆಲವಿರುತ್ತವೆ. ಎಲ್ಲಿ ಎಂದು ಬರೆಯುವುದಿಲ್ಲ; ಅಲ್ಲಿ ಕೇಳಿದ್ದನ್ನು ಬರೆಯುವ ಹಕ್ಕಂತೂ ನನಗಿಲ್ಲ. ಗೋಡೆಗೆ ಒರಗಿಸಿದ ಕುರ್ಚಿಗಳು, ಒಂದು ಮೇಜು, ಚಹಾ. ಒಬ್ಬರು ಮಾತನಾಡುವಾಗ ಉಳಿದವರು ನಡುವೆ ಬಾಯಿ ಹಾಕಲಿಲ್ಲ. ನಮ್ಮ ಊರಿನ ಯಾವ ಸಭೆಯಲ್ಲಿಯೂ ನಾನು ಇಂಥ ಮೌನವನ್ನು ಕಂಡಿಲ್ಲ. ಜೀವಮಾನವೆಲ್ಲ ಮುಟ್ಟುವುದಿಲ್ಲವೆಂದು ಅಲ್ಲಿ ಯಾರೂ ಆಣೆ ಇಡಲಿಲ್ಲ. ಇವತ್ತೊಂದು ದಿನ ಎಂದಷ್ಟೇ ಹೇಳಿದರು. ವಿಳಾಸ ಕೇಳಿದ್ದ ನೆರೆಮನೆಯವರಿಗೆ ದಿನವನ್ನೂ ವೇಳೆಯನ್ನೂ ಬರೆದುಕೊಟ್ಟೆ. ಮುಂದಿನದು ಅವರ ಮನೆಯ ವಿಷಯ.

ಭದ್ರಾವತಿ ಈಗ ಹಳೆಯ ಭದ್ರಾವತಿಯಲ್ಲ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವುದೆಂದು 2023ರ ಜನವರಿಯಲ್ಲಿ ತೀರ್ಮಾನವಾಗಿ, ಅದೇ ಆಗಸ್ಟಿನಲ್ಲಿ ಮತ್ತೆ ಕೆಲಸ ಶುರುವಾಯಿತು. ಕೆಲಸವಿದ್ದಾಗ ದಣಿವಿಗೆ ಕುಡಿದವರು, ಕೆಲಸ ಹೋದಾಗ ಬೇಸರಕ್ಕೆ ಕುಡಿದರು. ಆರ್ಥಿಕ ಕುಸಿತದ ನಡುವೆ ಆಕ್ರನ್ನಿನಲ್ಲಿ ಇಬ್ಬರು ಕುಳಿತು ಮಾತನಾಡಿದ್ದು ಇಂಥ ದಿನಗಳಲ್ಲಿಯೇ ಎಂಬುದನ್ನು ನೆನೆಯಬೇಕು. ಬಿಡಬೇಕೆಂಬ ಆಸೆಯಿಂದ ಇಬ್ಬರೋ ಮೂವರೋ ಸೇರಿದರೆ ಅದೇ ಒಂದು ಸಭೆ ಎಂದು ಅವರ ಸಂಪ್ರದಾಯದಲ್ಲಿಯೇ ಹೇಳಿದೆ. ಸಭೆ ಎಲ್ಲಿದೆಯೆಂದು ತಿಳಿಯದವರು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೋ, ಟೆಲಿ ಮಾನಸ್ 14416ಕ್ಕೋ ಕರೆಮಾಡಿ ಸಹಾಯ ಕೇಳಬಹುದು. ಎಲ್ಲಿಯೂ ಸಿಗದಿದ್ದರೂ ಕೈಚೆಲ್ಲಬೇಕಾಗಿಲ್ಲ; ವಿಲ್ಸನ್ನನಿಗೂ ಮೊದಲು ಸಭೆ ಸಿಗಲಿಲ್ಲ, ಸಿಕ್ಕಿದ್ದು ಒಬ್ಬ ಮನುಷ್ಯ.

ಕುಡಿಯದವರಿಗೆ, ಎಂದರೆ ಈ ಪುರವಣಿಯನ್ನು ಬೆಳಗಿನ ಕಾಫಿಯೊಡನೆ ಓದುವ ನಮ್ಮಂಥವರಿಗೆ, ಇದರಲ್ಲಿ ದೊಡ್ಡ ಪಾತ್ರವಿಲ್ಲ. ಆ ಕುರ್ಚಿ ನಮ್ಮದಲ್ಲ. ಆದರೆ ನೆರೆಮನೆಯವರು ಗೇಟಿನ ಹತ್ತಿರ ನಿಂತು ಕೇಳಿದಾಗ, ಹುಬ್ಬೇರಿಸದೆ, ಯಾರಿಗೆಂದು ಕೆದಕದೆ, ವಿಳಾಸ ಹೇಳುವಷ್ಟು ನಾವು ತಿಳಿದಿರಬಹುದು. ಬ್ರಾಂಡಿ ಅಂಗಡಿಯ ವೇಳೆ ಗೊತ್ತಿರುವ ಊರಿಗೆ ಈ ಸಭೆಯ ವೇಳೆಯೂ ಗೊತ್ತಿರಲಿ.